ನಾಕೆಯಾಚೆಯ ವಕೀಲಿ

ನಾನು ಕಾನೂನು ಓದಿದ್ದು ಬೆಳಗಾವಿಯ ರಾಜಾ ಲಖಮಗೌಡ ಕಾಲೇಜಿನಲ್ಲಿ, ವಕೀಲಿ ಮಾಡಿದ್ದು ಗೋವೆಯ ಕಾಣಕೋಣದ ಚಾವಡಿಯಲ್ಲಿ. ಎಪ್ಪತ್ತರ ದಶಕದ ಕೊನೆಗೆ ಕಾಳಿ ನದಿಗೆ ಸೇತುವೆ ಇರಲಿಲ್ಲ. ಕಾರವಾರದ ಕೋಡಿಬಾಗದಲ್ಲಿ ಹೊಳೆ ದಾಟಿ, ಸದಾಶಿವಗಡದಲ್ಲಿ ಬಸ್ಸು ಹಿಡಿದು, ಗಡಿಯ ಮಾಜಾಳಿ ಮತ್ತು ಪೋಳೆಂ ನಾಕೆ ಕಳೆದರೆ ಕಾಣಕೋಣ. ದೂರವೇನೂ ಇಲ್ಲ. ಆದರೆ ನಾನು ಬಾಯಿಪಾಠ ಮಾಡಿದ್ದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆ ನಾಕೆಯಲ್ಲೇ ಇಳಿದುಬಿಡುತ್ತಿತ್ತು.

ಕಾಣಕೋಣ ಹಿಂದೆ ಸೋದೆಯ ಅರಸರ ಸೀಮೆ. 1791ರ ಒಪ್ಪಂದದಲ್ಲಿ ಪೋರ್ಚುಗೀಸರ ಪಾಲಾಯಿತು. ಅವರ 1867ರ ಸಿವಿಲ್ ಕೋಡ್ 1870ರಲ್ಲಿ ಗೋವೆಗೆ ಬಂತು. ಹಿಂದೂಗಳ ಕೆಲವು ರೂಢಿಗಳನ್ನು ಉಳಿಸಿಕೊಳ್ಳಲು 1880ರಲ್ಲಿ ಬೇರೊಂದು ಸಂಹಿತೆ ಸೇರಿಕೊಂಡಿತು. ಸಿವಿಲ್ ಕೋಡಿನ ಪ್ರಕಾರ ಹೆಂಡತಿಗೆ ಆಸ್ತಿಯಲ್ಲಿ ಅರ್ಧ, ಗಂಡುಮಕ್ಕಳಷ್ಟೇ ಹೆಣ್ಣುಮಕ್ಕಳಿಗೂ ಪಾಲು. ನಮ್ಮ ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಜನ್ಮತಃ ಹಕ್ಕು ಬಂದದ್ದು 1994ರಲ್ಲಿ.

ನನ್ನ ಸೀನಿಯರ್ ಹಳೆಯ ಕಾಲದ 'ಪ್ರೊವಿಜನಾರಿಯೊ'. ಪೋರ್ಚುಗೀಸರ ಗೋವೆಯಲ್ಲಿ ಕಾನೂನು ಪದವಿ ಬೇಕೆಂದರೆ ಲಿಸ್ಬನ್ನಿಗೋ ಕೊಯಿಂಬ್ರಾಕ್ಕೋ ಹಡಗು ಹತ್ತಬೇಕಿತ್ತು. ಅಷ್ಟು ದುಡ್ಡಿಲ್ಲದವರು ಪರೀಕ್ಷೆ ಪಾಸು ಮಾಡಿ, ಪರವಾನಗಿ ಪಡೆದು ಕಟ್ಟೆ ಹತ್ತುತ್ತಿದ್ದರು. ಬ್ರಿಟಿಷರ ಕಾರವಾರದಲ್ಲೂ ಪ್ಲೀಡರ್ ಪರೀಕ್ಷೆ, ಸನದು ಎಂದು ಇದೇ ಬಗೆಯ ಏರ್ಪಾಡಿತ್ತು. ಈ ಮೇಲುಕೀಳುಗಳನ್ನು ಒರೆಸಿ, ಎಲ್ಲರೂ 'ಅಡ್ವೊಕೇಟ್' ಎಂದದ್ದು 1961ರ ಕಾಯ್ದೆ. ಅದೇ ವರ್ಷದ ಡಿಸೆಂಬರಿನಲ್ಲಿ ಗೋವೆ ಭಾರತಕ್ಕೆ ಸೇರಿತು. 1544ರಲ್ಲಿ ಶುರುವಾದ ಗೋವೆಯ ಉಚ್ಚ ನ್ಯಾಯಾಲಯ 1963ರಲ್ಲಿ ಮುಗಿಯಿತು, ಜುಡಿಷಿಯಲ್ ಕಮಿಷನರ್ ಕೋರ್ಟು ಬಂತು. 1966ರಲ್ಲಿ ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆ ಜಾರಿಯಾದಾಗ, ವಯಸ್ಸು ಮೀರಿದ ವಕೀಲರು ಇಂಗ್ಲಿಷಿನಲ್ಲಿ ವಾದ ಮಾಡುವುದನ್ನು ಮೊದಲಿನಿಂದ ಕಲಿತರು. ಕೆಲವರು ಕೋಟು ಕಳಚಿಟ್ಟು ಮನೆಗೆ ನಡೆದರು.

ಆ ಕಾಲದ ವಕೀಲಿ ಬಲು ದೊಡ್ಡದಾಗಿತ್ತು ಎಂದೇನೂ ನಾನು ಹೇಳುವುದಿಲ್ಲ. ಲೋಲಿಯೆಂನ ಕಕ್ಷಿದಾರ ಅಪ್ಪನ ಕಾಲದ ಪೋರ್ಚುಗೀಸ್ ಪತ್ರ ತಂದು ಮೇಜಿನ ಮೇಲಿಡುತ್ತಿದ್ದ. ಸೀನಿಯರ್ ಅದನ್ನು ಓದಿ ಕೊಂಕಣಿಯಲ್ಲಿ ಎರಡು ಮಾತು ಹೇಳುತ್ತಿದ್ದರು. "ಹಾಗಾದರೆ ನೀವು ಹೇಳಿದ ಹಾಗೆ, ವಕೀಲಬಾಬ್" ಎಂದು ಅವನು ಏಳುತ್ತಿದ್ದ. ಹೇಳದೆ ಬಿಟ್ಟದ್ದು ಎಷ್ಟು ಎಂದು ಕೇಳುವ ಧೈರ್ಯ ಅವನಿಗೂ ಇರಲಿಲ್ಲ, ಜೂನಿಯರ್ ಆಗಿದ್ದ ನನಗೂ ಇರಲಿಲ್ಲ. ಫೀಸು ಗೇರುಬೀಜದ ಹಂಗಾಮಿನ ಮೇಲೆ. ಒಮ್ಮೊಮ್ಮೆ ಫೀಸಿನ ಬದಲು ಖೋಲೆಯ ಒಣಮೆಣಸು. ನನಗೆ ಸಂಬಳವೆಂಬುದಿಲ್ಲ, ಬಸ್ಸಿನ ಖರ್ಚು ಮಾತ್ರ. ಗುಡ್ಡದ ವೇಳಿಪರು, ಕುಣಬಿಗಳು ವಕೀಲರ ಮೆಟ್ಟಿಲು ಹತ್ತುವುದೇ ಅಪರೂಪವಾಗಿತ್ತು.

ಅಲ್ಲಿನ ಪಾಲಿನ ದಾವೆಗೆ ಇನ್ವೆಂಟರಿ ಎನ್ನುತ್ತಾರೆ. ಮನೆ, ಗದ್ದೆ, ತೆಂಗಿನ ತೋಟ, ಚಿನ್ನ, ತಾಮ್ರದ ಹಂಡೆ, ಎಲ್ಲವೂ ನಂಬರು ಹಾಕಿ ಪಟ್ಟಿಯಾಗಬೇಕು. ಆಮೇಲೆ ವಾರಸುದಾರರು ತಮ್ಮತಮ್ಮಲ್ಲೇ ಕೋರ್ಟಿನ ಮುಂದೆ ಸವಾಲು ಕೂಗಬೇಕು. ಹೆಚ್ಚು ಕೂಗಿದವನಿಗೆ ವಸ್ತು, ಉಳಿದವರಿಗೆ ಹಣ. ಮೊದಲ ಬಾರಿ ನಾನು ಕಂಡ ಸವಾಲಿನಲ್ಲಿ, ಕೊಲ್ಲಿ ದೇಶದಿಂದ ರಜೆಗೆ ಬಂದಿದ್ದ ಕಿರಿಯವನು ಹುಟ್ಟಿದ ಮನೆಯನ್ನು ಅಣ್ಣನ ಕೈಯಿಂದ ಐದು ನಿಮಿಷದಲ್ಲಿ ಗೆದ್ದುಕೊಂಡ. ಗದ್ದೆ ಉಳುತ್ತಿದ್ದ ಅಣ್ಣನಿಗೆ ಕೂಗಲು ದುಡ್ಡಿರಲಿಲ್ಲ. ಕಾನೂನಿನ ಲೆಕ್ಕ ಮಾತ್ರ ಸರಿಯಾಗಿತ್ತು.

ಈಗ 2012ರ ಗೋವಾ ಉತ್ತರಾಧಿಕಾರ ಕಾಯ್ದೆ ಇಂಗ್ಲಿಷಿನಲ್ಲೇ ಇದೆ, 2016ರಿಂದ ಜಾರಿಯಲ್ಲಿದೆ. ಸವಾಲಿನ ಪದ್ಧತಿ ಹಾಗೆಯೇ ಉಳಿದಿದೆ. ಬಾಂಬೆ ಹೈಕೋರ್ಟಿನ ಪೀಠ 1982ರಿಂದ ಗೋವೆಯಲ್ಲಿದೆ. ಮುಂದಿನ ತಾರೀಕು ವಕೀಲನಿಗಿಂತ ಮೊದಲು ಕಕ್ಷಿದಾರನ ಮೊಬೈಲಿಗೆ ಗೊತ್ತಾಗುತ್ತದೆ. ಫೀಸು ಕೊಡಲಾಗದವರಿಗೆ ಕಾನೂನು ನೆರವು ಉಂಟು. ಕರಿಕೋಟಿನ ಹುಡುಗಿಯರು ಸ್ಕೂಟರಿನಲ್ಲಿ ಕೋರ್ಟಿಗೆ ಬರುತ್ತಾರೆ. ಅವರ ಇಂಗ್ಲಿಷ್ ನಮ್ಮದಕ್ಕಿಂತ ಚೆನ್ನಾಗಿದೆ. ಹಳೆಯ ಪೋರ್ಚುಗೀಸ್ ಪತ್ರ ಸಿಕ್ಕಿದರೆ ಮಾತ್ರ ಅವರೂ ಅನುವಾದಕನನ್ನು ಹುಡುಕಿಕೊಂಡು ಹೋಗಬೇಕು.

ಗಡಿಯ ಜನರಿಗೆ ದೊಡ್ಡದಾದ ಬದಲಾವಣೆ 2019ರ ಸುಪ್ರೀಂ ಕೋರ್ಟ್ ತೀರ್ಪು. ಗೋವೆಯನ್ನೇ ಶಾಶ್ವತ ನೆಲೆ ಮಾಡಿಕೊಂಡ ಗೋವೆಯವನ ಆಸ್ತಿ ಹೊರ ರಾಜ್ಯದಲ್ಲಿದ್ದರೂ ಅದಕ್ಕೆ ಗೋವೆಯ ಉತ್ತರಾಧಿಕಾರ ಕಾನೂನೇ ಅನ್ವಯ ಎಂದಿತು ಅದು. ಪೋಳೆಂನಲ್ಲಿ ಮನೆ, ಮಾಜಾಳಿಯಲ್ಲಿ ಗದ್ದೆ ಇಟ್ಟುಕೊಂಡ ಕುಟುಂಬಗಳು ಅದುವರೆಗೆ ಎರಡು ಕಡೆ ಎರಡು ಲೆಕ್ಕ ಹಾಕುತ್ತಿದ್ದವು. ಆ ಗೊಂದಲದಲ್ಲಿ ನಮ್ಮಂಥ ವಕೀಲರ ಹೊಟ್ಟೆ ತುಂಬುತ್ತಿತ್ತು.

ಹೆಣ್ಣುಮಕ್ಕಳಿಗೆ ಈ ತೀರ್ಪಿನಿಂದ ಪಾಲು ಸಿಕ್ಕಿತೇ? ಕಾಗದದ ಮೇಲೆ ಕಾಣಕೋಣದಲ್ಲಿ ಅದು ಮೊದಲಿನಿಂದಲೂ ಇತ್ತು. ಅಪ್ಪ ತೀರಿದ ಮೇಲೆ ಅಕ್ಕತಂಗಿಯರನ್ನು ಕರೆಸಿ ಊಟ ಹಾಕಿ, ನೋಟರಿಯ ಮುಂದೆ ಹಕ್ಕುಬಿಡುಗಡೆ ಪತ್ರಕ್ಕೆ ರುಜು ಹಾಕಿಸುವ ರೂಢಿಯೂ ಇತ್ತು. ದಂಪತಿಯ ಆಸ್ತಿ ಜಂಟಿಯಾದ್ದರಿಂದ ಅಳಿಯನ ರುಜುವೂ ಬೇಕು, ಅವನಿಗೂ ಊಟ. ಎಷ್ಟೋ ಪತ್ರಗಳನ್ನು ನಾನೇ ಕೈಯಲ್ಲಿ ಬರೆದಿದ್ದೇನೆ. ಈಗಿನ ವಕೀಲರ ಕಂಪ್ಯೂಟರಿನಲ್ಲಿ ಅದರ ಕರಡು ಸಿದ್ಧವೇ ಇರುತ್ತದೆ, ಹೆಸರು ತುಂಬಿದರಾಯಿತು.