ಗಾಣಕ್ಕೆ ಎಣ್ಣೆ, ಒಳ್ಳಿಗೆ ಹಾಲು

ಹುಮನಾಬಾದಿನ ವೀರಭದ್ರೇಶ್ವರನಿಗೆ ಕೈಮುಗಿದು ಬಸವಕಲ್ಯಾಣದ ಬಸ್ಸು ಹತ್ತಿದಾಗ ಜನವರಿಯ ಚಳಿ ಇನ್ನೂ ಬಿಟ್ಟಿರಲಿಲ್ಲ. ಕಿಟಕಿಯಾಚೆ ಕಡಲೆ, ಜೋಳ. ಹೊಲದಂಚಿಗೆ ದನ ನುಗ್ಗದಂತೆ ಬಿತ್ತಿದ ಮುಳ್ಳುಮುಳ್ಳು ಕುಸುಬೆ. ಹಳದಿ ಹೂ ಕೆಂಪಿಗೆ ತಿರುಗುತ್ತಿತ್ತು.

ಹೊರಟಿದ್ದು ಚಾಲುಕ್ಯರ ಕಲ್ಯಾಣದ ಕೋಟೆ ನೋಡಲು. ನೋಡಿದೆ. ಆದರೆ ಕಣ್ಣು ಬಿಟ್ಟು ನಿಂತದ್ದು ಗೆಳೆಯನ ಮನೆಯ ಅಡುಗೆಮನೆಯಲ್ಲಿ.

ಅವನ ತಾಯಿಯ ತವರು ವಿಜಯಪುರದ ಕಡೆ. ಹುಗ್ಗಿಗೆಂದು ನೆನೆಸಿದ ಕುಸುಬೆಯನ್ನು ನೀರು ಚಿಮುಕಿಸುತ್ತ ಅರೆದು, ಬಟ್ಟೆಯಲ್ಲಿ ಕಟ್ಟಿ ಹಿಂಡಿದರು. ಪಾತ್ರೆಗೆ ಇಳಿದದ್ದು ಆಕಳ ಹಾಲಿನಂಥದೇ ಬಿಳಿ ಹಾಲು!

"ಇದು ಎಣ್ಣಿ ಬೀಜ ಅಲ್ಲೇನ್ರಿ ಅವ್ವಾ?"

"ಹೌದಲ್ಲ ತಮ್ಮಾ. ಗಾಣಕ್ಕ ಹಾಕಿದ್ರ ಎಣ್ಣಿ, ಒಳ್ಳಾಗ ಅರದ್ರ ಹಾಲು."

ನಂಬಿಕೆ ಸಾಲದೆ ಒಂದು ಲೋಟ ನೀರಿಗೆ ಅದೇ ಮನೆಯ ಕುಸುಬೆ ಎಣ್ಣೆ ಒಂದು ಚಮಚ ಸುರಿದು ಕಲಕಿದೆ. ಕಲಕುವಷ್ಟು ಹೊತ್ತು ಹನಿಹನಿ. ಕೈ ನಿಲ್ಲಿಸಿದರೆ ಹನಿಗಳು ಒಂದನ್ನೊಂದು ನುಂಗಿ ಮೇಲೆ ಹಳದಿ ಪದರ. ನೀರಿನ ಕಣಗಳಿಗೆ ತಮ್ಮ ತಮ್ಮಲ್ಲೇ ನಂಟು ಬಲ, ಎಣ್ಣೆಯನ್ನು ಹೊರಗಿಡುತ್ತವೆ. ಹಾಗಾದರೆ ಈ ಹಾಲಿನಲ್ಲಿ ಎಣ್ಣೆಯನ್ನು ನೀರಿಗೆ ಒಪ್ಪಿಸಿದವರಾರು?

ಬೀಜವೇ! ಕುಸುಬೆ ತನ್ನ ಎಣ್ಣೆಯನ್ನು ಒಂದೇ ಕೊಡದಲ್ಲಿ ತುಂಬಿಡುವುದಿಲ್ಲ. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಸುಮಾರು ಅಷ್ಟೇ ಗಾತ್ರದ ಹನಿಗಳು. ಪ್ರತಿ ಹನಿಗೂ ಫಾಸ್ಫೊಲಿಪಿಡ್ ಎಂಬ ಕೊಬ್ಬಿನಂಥ ಪದಾರ್ಥದ ತೆಳು ಅಂಗಿ; ಅದರ ಬಾಲ ಎಣ್ಣೆಯೊಳಗೆ, ತಲೆ ನೀರಿನ ಕಡೆ. ಅಂಗಿಗೆ ಗುಂಡಿ ಹಾಕಿದ ಹಾಗೆ ಒಲಿಯೋಸಿನ್ ಎಂಬ ಪ್ರೋಟೀನು. ಹೀಗೆ ಉಟ್ಟುಕೊಂಡ ಹನಿಗಳು ಮೈಗೆ ಮೈ ತಾಗಿದರೂ ಕೂಡಿಕೊಳ್ಳವು. ಗಾಣದ ಒತ್ತಡಕ್ಕೆ ಅಂಗಿ ಹರಿದು ಎಣ್ಣೆ ಒಂದಾಗಿ ಹರಿಯುತ್ತದೆ. ನೀರು ಹಾಕಿ ಅರೆದರೆ ಬಹಳಷ್ಟು ಹನಿಗಳು ಅಂಗಿಸಮೇತ ನೀರಿಗಿಳಿಯುತ್ತವೆ. ಎಣ್ಣೆ ಹಳದಿ, ಹಾಲು ಮಾತ್ರ ಬಿಳಿ: ಲೆಕ್ಕವಿಲ್ಲದ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುವುದರಿಂದ.

ಇದೇ ಕಲ್ಯಾಣದ ಶರಣರ ನಡುವೆ ಗಾಣದ ಕಣ್ಣಪ್ಪ ಎಂಬ ವಚನಕಾರನ ಹೆಸರಿದೆ. ಎಣ್ಣೆಯ ಕಸುಬಿನವನು, ಈ ಹಾಲಿನ ಹುಗ್ಗಿ ಉಂಡಿದ್ದನೋ ಏನೋ!

ಒಲೆಯ ಮೇಲೆ ಗೋಧಿ ಬೆಂದಿತ್ತು. ಬೆಲ್ಲ ಕರಗಿಸಿ, ಹಾಲು ಸುರಿದು, ಸೌಟು ನನ್ನ ಕೈಗಿತ್ತರು. "ಕೈ ಬಿಡಬ್ಯಾಡ, ಒಡೀತದ." ಉರಿ ಜೋರಾದರೆ ಪ್ರೋಟೀನುಗಳು ಗಂಟುಗಟ್ಟಿ ಹಾಲು ಮೊಸರೊಡೆದಂತಾಗುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವರಿಗೆ ಅದು ಸೌಟಿನ ಭಾರದಲ್ಲೇ ತಿಳಿಯುತ್ತಿತ್ತು. ಯಾಲಕ್ಕಿ, ಗಸಗಸೆ, ಒಣಕೊಬ್ಬರಿ ಬಿದ್ದ ಮೇಲೆ ವಿಜ್ಞಾನದ ಚರ್ಚೆಗೆ ಯಾರಿಗೂ ಪುರುಸೊತ್ತಿರಲಿಲ್ಲ.

ಉಂಡೆದ್ದು ನೋಡಿದರೆ, ಪರೀಕ್ಷೆಗೆಂದು ತೆಗೆದಿಟ್ಟ ಇನ್ನೊಂದು ಲೋಟದ ಹಸಿ ಹಾಲಿನ ಮೇಲೆ ದಪ್ಪ ಕೆನೆ ತೇಲುತ್ತಿತ್ತು. ಚಮಚ ತಿರುಗಿಸಿದೆ, ಮತ್ತೆ ಹಾಲು. ಪಕ್ಕದ ಎಣ್ಣೆ-ನೀರಿನ ಲೋಟವನ್ನೂ ತಿರುಗಿಸಿದೆ; ನೋಡನೋಡುತ್ತಲೇ ಬೇರೆಯಾಯಿತು.

"ಆಟ ಮುಗೀತೇನು?" ಎಂದು ಅವ್ವ ಹಾಲಿನ ಲೋಟ ಕಸಿದುಕೊಂಡು ಉಳಿದ ಹುಗ್ಗಿಗೆ ಸುರಿದುಬಿಟ್ಟರು.