ತಂಬೂರಿ ಎಲ್ಲಿ ಹೋತು?

ಮನೆಯಲ್ಲಿ ಬೆಸುಗೆಯ ವಾಸನೆ ಬಂದರೆ ಸಾಕು, ನನ್ನ ಹೆಂಡತಿ ಕಿಟಕಿ ತೆಗೆದು "ಈ ಸಲ ಏನು ಸುಡ್ತಿದೀರಿ?" ಅಂತ ಕೇಳ್ತಾಳೆ. ಈ ಸಲದ್ದು ಫೋನೋ ಪ್ರಿಆಂಪ್ಲಿಫೈಯರ್.

ಅಪ್ಪ ಕಳೆದ ವರ್ಷ ಧಾರವಾಡದ ಮನೆ ಬಿಟ್ಟು ಬೆಂಗಳೂರಿಗೆ ನಮ್ಮ ಜೊತೆ ಇರೋದಕ್ಕೆ ಬಂದಾಗ ತಂದಿದ್ದು ಎರಡು ಸೂಟ್‌ಕೇಸು, ಒಂದು ರಟ್ಟಿನ ಡಬ್ಬ. ಡಬ್ಬದ ತುಂಬ ಎಲ್‌ಪಿಗಳು. ಅವನ್ನು ಹಾಡಿಸುತ್ತಿದ್ದ ಹಳೇ ಪ್ಲೇಯರ್ ಯಾವಾಗಲೋ ಗುಜರಿಗೆ ಹೋಗಿತ್ತು. ನಾನು ಸೆಕೆಂಡ್‌ಹ್ಯಾಂಡ್ ಟರ್ನ್‌ಟೇಬಲ್ ಒಂದನ್ನು ತಂದು ನೇರ ಆಂಪ್ಲಿಫೈಯರಿಗೆ ಚುಚ್ಚಿದೆ. ಮಲ್ಲಿಕಾರ್ಜುನ ಮನಸೂರರು ಸೊಳ್ಳೆಯ ಹಾಗೆ ಕೇಳಿಸಿದರು!

ಆಮೇಲೆ ಓದಿ ತಿಳಿದುಕೊಂಡೆ. ಹಳೇ ಪ್ಲೇಯರಿನಲ್ಲಿ ಇದ್ದದ್ದು ಸಿರಾಮಿಕ್ ಕಾರ್ಟ್ರಿಜ್, ಅದು ನೂರಾರು ಮಿಲಿವೋಲ್ಟ್ ಕೊಡುತ್ತಿತ್ತು. ಇದರಲ್ಲಿರುವುದು ಅಯಸ್ಕಾಂತದ್ದು, ಕೊಡುವುದು ಸುಮಾರು 5 ಮಿಲಿವೋಲ್ಟ್. ಅಷ್ಟೇ ಆಗಿದ್ದರೆ ಬರೀ ದೊಡ್ಡದು ಮಾಡಿದರೆ ಸಾಕಿತ್ತು. ಆದರೆ ರೆಕಾರ್ಡ್ ಕೊರೆಯುವಾಗ ತಗ್ಗು ಸ್ವರಗಳನ್ನು ಕುಗ್ಗಿಸಿ, ಮೇಲಿನ ಸ್ವರಗಳನ್ನು ಹಿಗ್ಗಿಸಿ ಕೊರೆದಿರುತ್ತಾರೆ. ಇಲ್ಲದಿದ್ದರೆ ತಗ್ಗು ಸ್ವರದ ಗೆರೆ ಓಲಾಡಿ ಪಕ್ಕದ ಗೆರೆಯೊಳಗೆ ನುಗ್ಗಿಬಿಡುತ್ತದೆ. ನುಡಿಸುವಾಗ ಅದನ್ನೆಲ್ಲ ಉಲ್ಟಾ ಮಾಡಬೇಕು. ಎಷ್ಟು ಉಲ್ಟಾ ಅನ್ನುವುದಕ್ಕೆ 1954ರಲ್ಲಿ ಅಮೆರಿಕದಲ್ಲಿ ಗೊತ್ತುಮಾಡಿದ ಆರ್‌ಐಎಎ ಅನ್ನೋ ಅಳತೆ ಇದೆ.

ಎಸ್.ಪಿ. ರೋಡಿಗೆ ಹೋಗಿ ಎನ್‌ಇ5532 ಚಿಪ್ಪು, ಒಂದು ಟ್ರಾನ್ಸ್‌ಫಾರ್ಮರ್, ರೆಸಿಸ್ಟರ್, ಹಸಿರು ಬಣ್ಣದ ಪಾಲಿಯೆಸ್ಟರ್ ಕೆಪಾಸಿಟರ್‌ಗಳ ಪೊಟ್ಟಣ ಎಲ್ಲ ತಂದೆ. ಎರಡು ಭಾನುವಾರದ ಕೆಲಸ. ಸ್ವಿಚ್ ಹಾಕಿದೆ... ಗುಂಯ್ಯ್ಯ್! ಹಾಡಿಗಿಂತ ಗುಂಯ್‌ಗುಡುವಿಕೆಯೇ ಜೋರು.

ಇದರ ಮರ್ಮ ಆ ಉಲ್ಟಾ ಲೆಕ್ಕದಲ್ಲೇ ಇದೆ. ನಮ್ಮ ಮನೆಯ ಕರೆಂಟು 50 ಹರ್ಟ್ಸ್. 1000 ಹರ್ಟ್ಸಿನ ಸ್ವರವನ್ನು 100 ಪಟ್ಟು ಹಿಗ್ಗಿಸುವ ಈ ಪೆಟ್ಟಿಗೆ 50 ಹರ್ಟ್ಸನ್ನು ಸುಮಾರು 700 ಪಟ್ಟು ಹಿಗ್ಗಿಸುತ್ತದೆ. ನಾನೋ, ಟ್ರಾನ್ಸ್‌ಫಾರ್ಮರನ್ನು ಅದೇ ಪೆಟ್ಟಿಗೆಯೊಳಗೆ ಚಿಪ್ಪಿನ ಪಕ್ಕದಲ್ಲೇ ಕೂರಿಸಿದ್ದೆ. ಅದನ್ನು ಬೇರೆ ಡಬ್ಬಕ್ಕೆ ಹಾಕಿ ಒಂದು ಮೀಟರ್ ದೂರ ಇಟ್ಟೆ. ಅರ್ಧ ಹೋಯಿತು. ಟರ್ನ್‌ಟೇಬಲ್ ಹಿಂದೆ ಒಂದು ತೆಳು ವೈರು ಸುಮ್ಮನೆ ನೇತಾಡುತ್ತಿತ್ತು, ಬೇಡದ್ದು ಅಂದುಕೊಂಡಿದ್ದೆ. ಅದು ಅರ್ತ್ ವೈರು! ಪೆಟ್ಟಿಗೆಯ ಲೋಹಕ್ಕೆ ಸ್ಕ್ರೂ ಹಾಕಿ ಬಿಗಿದೆ. ನಿಶ್ಶಬ್ದ :-)

ಅಪ್ಪನನ್ನು ಕರೆದು ಕೂರಿಸಿದೆ. ಐದು ನಿಮಿಷ ಕೇಳಿದರು.

"ಇದು ಮನಸೂರ ಅಣ್ಣಾರ ದನಿ ಅಲ್ಲೋ. ಕಂಬಳಿ ಹೊದ್ದು ಹಾಡಿಧಂಗ ಅದ. ತಂಬೂರಿ ಎಲ್ಲಿ ಹೋತು?"

ಮಲ್ಟಿಮೀಟರ್ ಹಿಡಿದು ಚಿಪ್ಪಿನ ಒಂದೊಂದು ಕಾಲಿನ ವೋಲ್ಟೇಜನ್ನೂ ನೋಡಿದೆ. ಎಲ್ಲ ಸರಿ. ಎಡಕ್ಕೂ ಬಲಕ್ಕೂ ಒಂದೇ ದನಿ. ಎರಡು ವಾರದ ಶ್ರಮ, ತಲೆ ಬಿಸಿಯಾಗಿತ್ತು. "ಎಲ್ಲಾ ಸರಿ ಅದ ಅಪ್ಪಾ. ನಿಮ್ಮ ಕಿವಿಗೆ ವಯಸ್ಸಾಗೇದ" ಅಂದುಬಿಟ್ಟೆ.

"ಇರಬಹುದಪಾ" ಅಂದು ಎದ್ದು ರೂಮಿಗೆ ಹೋದರು. ನಾಲ್ಕು ದಿನ ರೆಕಾರ್ಡಿನ ಸುದ್ದಿ ಎತ್ತಲಿಲ್ಲ. ಅವರು ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಐದನೇ ದಿನ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಮನಸೂರರದ್ದೇ ಒಂದು ಹಾಡು ಕೇಳುತ್ತಿದ್ದೆ. ದನಿಯ ಹಿಂದೆ ತಂಬೂರಿಯ ಝೇಂಕಾರ ಸಣ್ಣಗೆ ಹೊಳೆಯುತ್ತಲೇ ಇತ್ತು. ನನ್ನ ಪೆಟ್ಟಿಗೆಯಲ್ಲಿ ಇದನ್ನು ನಾನು ಕೇಳಿದ್ದೇ ಇಲ್ಲವಲ್ಲ ಅನ್ನಿಸಿ ಎದೆ ಧಸಕ್ ಅಂತು.

ರಾತ್ರಿ ಬೋರ್ಡ್ ಬಿಚ್ಚಿದೆ. ರೆಸಿಸ್ಟರ್‌ಗಳನ್ನು ಒಂದೊಂದಾಗಿ ಅಳೆದೆ, ಸರಿ ಇದ್ದವು. ಕೆಪಾಸಿಟರ್ ಅಳೆಯುವ ಸೌಕರ್ಯ ನನ್ನ ಮೀಟರಿನಲ್ಲಿಲ್ಲ, ಮೈಮೇಲಿನ ಅಂಕಿ ಓದಬೇಕು. ಮಗಳನ್ನು ಕರೆದು ಟಾರ್ಚ್ ಕೊಟ್ಟೆ.

"ಎರಡು, ಎರಡು, ಎರಡು."

"ಸರಿಯಾಗಿ ನೋಡು. ಒಂದು, ಸೊನ್ನೆ, ಎರಡು ಇರಬೇಕು."

"ಇಲ್ಲ ಅಪ್ಪಾ, ಎರಡೂ ಕಡೆ 222."

75 ಕಿಲೋಓಮಿನ ಜೊತೆ ಇರಬೇಕಾದದ್ದು 102, ಅಂದರೆ 1000 ಪಿಕೋಫ್ಯಾರಡ್. ಎರಡನ್ನೂ ಗುಣಿಸಿದರೆ 75 ಮೈಕ್ರೋಸೆಕೆಂಡ್, ಆರ್‌ಐಎಎ ಹೇಳುವುದೂ ಅದನ್ನೇ. ನಾನು ಎರಡೂ ಕಡೆ ಬೆಸೆದಿದ್ದು 2200. ಮೇಲಿನ ಸ್ವರಗಳೆಲ್ಲ ಅರ್ಧದ ಹತ್ತಿರಕ್ಕೆ ಇಳಿದಿದ್ದವು. ಒಂದೇ ಕಡೆ ತಪ್ಪಿದ್ದರೆ ಎಡ-ಬಲದ ವ್ಯತ್ಯಾಸದಲ್ಲೇ ಸಿಕ್ಕಿಬೀಳುತ್ತಿತ್ತು. ಇನ್ನು ಮಲ್ಟಿಮೀಟರ್ ತೋರಿಸುವ ಡಿಸಿ ವೋಲ್ಟೇಜಿಗೂ ಈ ಕೆಪಾಸಿಟರಿಗೂ ಸಂಬಂಧವೇ ಇಲ್ಲ. 102ರ ಪೊಟ್ಟಣ ಒಡೆಯದೆ ಹಾಗೇ ಡಬ್ಬದಲ್ಲಿತ್ತು.

ಮಾರನೇ ಸಂಜೆ ಅಪ್ಪನನ್ನು ಕರೆಯಲಿಲ್ಲ, ಸುಮ್ಮನೆ ರೆಕಾರ್ಡ್ ಹಾಕಿದೆ. ಸ್ವಲ್ಪ ಹೊತ್ತಿಗೆ ರೂಮಿನ ಬಾಗಿಲು ತೆರೆಯಿತು. ಪೇಪರ್ ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಂದು ಕುರ್ಚಿಯಲ್ಲಿ ಕೂತರು. ನಾನು ಹೇಳಬೇಕೆಂದುಕೊಂಡ ಮಾತು ಗಂಟಲಲ್ಲೇ ಉಳಿಯಿತು. ಹಾಡು ಮುಗಿದು ಮುಳ್ಳು ಒಳಗಿನ ಗೆರೆಯಲ್ಲಿ ಟಕ್ ಟಕ್ ಅನ್ನತೊಡಗಿತು.

"ಇನ್ನೊಂದು ಮಗ್ಗಲಾ ಹಾಕು" ಅಂದರು.

ಪೆಟ್ಟಿಗೆಗೆ ಇನ್ನೂ ಮುಚ್ಚಳ ಹಾಕಿಲ್ಲ. ಸೋಮವಾರ ಕನ್ನಡಕದ ಅಂಗಡಿಗೆ ಹೋಗಬೇಕು.