ಯಂತ್ರಬುದ್ಧಿಯ ಒಡೆಯರ ಕಣಿವೆಯಲ್ಲಿ

ಅಮೇರಿಕದ ಪಶ್ಚಿಮ ಕರಾವಳಿಯಲ್ಲಿ, ಸಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣ ತುದಿಗೆ ಒತ್ತಿಕೊಂಡಂತೆ ಸಾಂತಾ ಕ್ಲಾರಾ ಎಂಬ ಕಣಿವೆಯಿದೆ. ಎರಡು ಪಾರ್ಶ್ವಗಳಲ್ಲೂ ಬೆಟ್ಟಗಳ ಸಾಲು. ನಡುವೆ ಸಮತಟ್ಟಾದ ಫಲವತ್ತಾದ ನೆಲ. ಇಪ್ಪತ್ತನೆಯ ಶತಮಾನದ ನಡುಭಾಗದವರೆಗೂ ಈ ಕಣಿವೆ ಹಣ್ಣಿನ ತೋಟಗಳಿಗೆ ಹೆಸರಾಗಿತ್ತು. ಜರದಾಳು, ಪ್ಲಮ್, ಚೆರಿಗಳನ್ನು ಬೆಳೆದು, ಒಣಗಿಸಿ, ಡಬ್ಬಿಗಳಲ್ಲಿ ತುಂಬಿ ದೇಶದೇಶಗಳಿಗೆ ಕಳುಹಿಸುತ್ತಿದ್ದರು. ಇಂದು ಆ ತೋಟಗಳು ಬಹುಮಟ್ಟಿಗೆ ಕಣ್ಮರೆಯಾಗಿವೆ. 1971ರಲ್ಲಿ ಪತ್ರಕರ್ತರೊಬ್ಬರು ಈ ಪ್ರದೇಶವನ್ನು 'ಸಿಲಿಕಾನ್ ಕಣಿವೆ' ಎಂದು ಕರೆದು ಬರೆದ ಮೇಲೆ ಹಳೆಯ ಹೆಸರೂ ಹಿಂದೆ ಸರಿಯಿತು.

ಪ್ರಶ್ನೆ ಕೇಳಿದರೆ ಮನುಷ್ಯನಂತೆಯೇ ಉತ್ತರ ಕೊಡುವ ಯಂತ್ರವನ್ನು ವಾಚಕರು ತಮ್ಮ ಮಕ್ಕಳ ಕೈಯ ಮೊಬೈಲಿನಲ್ಲಿ ಕಂಡೇ ಇರುವರು. ಈ ಕೃತಕ ಬುದ್ಧಿಯ ಉದ್ಯಮದ ಚುಕ್ಕಾಣಿ ಹಿಡಿದವರಲ್ಲಿ ಬಹುಮಂದಿ ಈ ಕಣಿವೆಯವರು, ಇಲ್ಲವೆ ಇದರ ಉತ್ತರಕ್ಕಿರುವ ಸಾನ್ ಫ್ರಾನ್ಸಿಸ್ಕೋ ನಗರದವರು. ಬೆರಳೆಣಿಕೆಯ ಈ ಜನರ ಕೈಗೆ ಇಷ್ಟೊಂದು ಅಧಿಕಾರ ಬಂದುದು ಹೇಗೆ, ಅದನ್ನು ಅವರು ನಡೆಸುವ ಬಗೆ ಯಾವುದು ಎಂಬ ಕುತೂಹಲ ನಮಗಿತ್ತು. ಆದುದರಿಂದ ಸಾನ್ ಹೊಸೆಯಿಂದ ಸಾನ್ ಫ್ರಾನ್ಸಿಸ್ಕೋವರೆಗಿನ ಸುಮಾರು 75 ಕಿಲೋಮೀಟರ್ ದಾರಿಯನ್ನು ರೈಲಿನಲ್ಲಿಯೇ ಕ್ರಮಿಸುವುದೆಂದು ನಿಶ್ಚಯಿಸಿದೆವು. ಇದು 1864ರಲ್ಲಿ ಸಾನ್ ಹೊಸೆ ಮುಟ್ಟಿದ ಹಳೆಯ ಮಾರ್ಗ. 2024ರಿಂದ ಇಲ್ಲಿ ವಿದ್ಯುತ್ ಗಾಡಿಗಳು ಓಡುತ್ತಿವೆ.

ಉಪಾಹಾರಗೃಹದ ಮೂಲೆ

ಸಾನ್ ಹೊಸೆಯ ಪೂರ್ವಭಾಗದ ಬೆರಿಯೆಸಾ ರಸ್ತೆಯಲ್ಲಿ 'ಡೆನ್ನೀಸ್' ಎಂಬ ಸಾಮಾನ್ಯ ಉಪಾಹಾರಗೃಹವಿದೆ. ಹೊರಗಿನಿಂದ ನೋಡಿದರೆ ವಿಶೇಷವೇನೂ ಇಲ್ಲ. ಆದರೆ 1993ರಲ್ಲಿ ಜೆನ್ಸೆನ್ ಹ್ವಾಂಗ್ ಮತ್ತು ಅವರ ಇಬ್ಬರು ಮಿತ್ರರು ಇಲ್ಲಿಯೇ ಕುಳಿತು ಎನ್‌ವಿಡಿಯಾ ಕಂಪೆನಿಯನ್ನು ಹುಟ್ಟುಹಾಕುವ ಆಲೋಚನೆ ಮಾಡಿದರು. 2023ರಲ್ಲಿ ಅದರ ನೆನಪಿಗೆ ಫಲಕವೊಂದನ್ನು ಹಾಕಲಾಯಿತು. ಹ್ವಾಂಗ್ ಹುಡುಗನಾಗಿದ್ದಾಗ ಬೇರೊಂದು ಊರಿನ ಡೆನ್ನೀಸ್ ಹೋಟೆಲಿನಲ್ಲಿ ತಟ್ಟೆ ತೊಳೆದವರು.

ಕಂಪೆನಿ ಮೊದಲು ತಯಾರಿಸಿದ್ದು ಗಣಕಯಂತ್ರದ ಆಟಗಳಿಗೆ ಬೇಕಾದ ಚಿತ್ರಬಿಡಿಸುವ ಚಿಪ್ಪುಗಳನ್ನು. ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವುದು ಅವುಗಳ ವಿಶೇಷ. 2006ರಲ್ಲಿ ಹ್ವಾಂಗ್ ಇವುಗಳನ್ನು ಬೇರೆ ವೈಜ್ಞಾನಿಕ ಲೆಕ್ಕಗಳಿಗೂ ಬಳಸುವಂತೆ 'ಕುಡಾ' ಎಂಬ ಸಾಧನವನ್ನು ಹೊರತಂದರು. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಮೂವರು ಈ ಕಂಪೆನಿಯ ಕೇವಲ ಎರಡು ಚಿತ್ರಫಲಕಗಳಿಂದ, ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯಲ್ಲಿ ಎಲ್ಲರನ್ನೂ ಹಿಂದೆ ಹಾಕಿದರು. ಅಂದಿನಿಂದ ಕೃತಕ ಬುದ್ಧಿಯ ದಾರಿ ಈ ಚಿಪ್ಪುಗಳ ಮೇಲೆಯೇ ಸಾಗಿತು. 2025ರ ಅಕ್ಟೋಬರಿನಲ್ಲಿ ಎನ್‌ವಿಡಿಯಾದ ಷೇರುಗಳ ಒಟ್ಟು ಮೌಲ್ಯ 5 ಲಕ್ಷ ಕೋಟಿ ಡಾಲರನ್ನು ಮುಟ್ಟಿತು. ಅಲ್ಲಿಯವರೆಗೆ ಜಗತ್ತಿನ ಯಾವ ಕಂಪೆನಿಯೂ ಆ ಎತ್ತರವನ್ನು ಕಂಡಿರಲಿಲ್ಲ.

ಪಡಿತರದ ಕಾಲವನ್ನು ಕಂಡ ನಮ್ಮ ಹಿರಿಯರಿಗೆ ಒಂದು ಮಾತು ಬಿಡಿಸಿ ಹೇಳಬೇಕಾಗಿಲ್ಲ: ಸರಕು ಕಡಿಮೆಯಾಗಿ ಕೊಳ್ಳುವವರು ಹೆಚ್ಚಿದಾಗ, ಹಣವಿದ್ದವನಿಗಿಂತ ಅಂಗಡಿಯವನೇ ದೊಡ್ಡವನು. ಒರಾಕಲ್ ಕಂಪೆನಿಯ ಲ್ಯಾರಿ ಎಲಿಸನ್ 2024ರಲ್ಲಿ ತಾವೇ ಹೇಳಿಕೊಂಡ ಪ್ರಸಂಗವಿದು. ಅವರೂ ಇಲಾನ್ ಮಸ್ಕರೂ ಇದೇ ಕಣಿವೆಯ ಪಾಲೋ ಆಲ್ಟೊದಲ್ಲಿ ಹ್ವಾಂಗರನ್ನು ಊಟಕ್ಕೆ ಕರೆದು, ನಮ್ಮ ಹಣವನ್ನು ದಯವಿಟ್ಟು ತೆಗೆದುಕೊಳ್ಳಿ, ಇನ್ನಷ್ಟು ಚಿಪ್ಪು ಕೊಡಿ ಎಂದು ಅಂಗಲಾಚಿದರಂತೆ. ಜಗತ್ತಿನ ಅತಿ ಧನಿಕರ ಸಾಲಿನ ಇಬ್ಬರು ಬೇಡುವವರಾಗಿ ಕುಳಿತ ಆ ಊಟದ ಮೇಜು, ಅಧಿಕಾರದ ಮೊದಲ ಮೆಟ್ಟಿಲು ಯಾವುದೆಂಬುದನ್ನು ತೋರಿಸುತ್ತದೆ.

ರೈಲಿನ ಒಡೆಯ ಕಟ್ಟಿದ ವಿದ್ಯಾಲಯ

ಪಾಲೋ ಆಲ್ಟೊ ನಿಲ್ದಾಣದಲ್ಲಿ ಇಳಿದು ತಾಳೆಮರಗಳ ಸಾಲಿನ ನಡುವೆ ನಡೆದರೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ. ಹ್ವಾಂಗ್ ಇಲ್ಲಿಂದ ಸ್ನಾತಕೋತ್ತರ ಪದವಿ ಪಡೆದರು. ಗೂಗಲ್ ಹುಟ್ಟಿದ್ದು ಇಲ್ಲಿನ ಇಬ್ಬರು ಸಂಶೋಧನ ವಿದ್ಯಾರ್ಥಿಗಳಿಂದ. ಓಪನ್ ಎಐ ಸಂಸ್ಥೆಯ ಸ್ಯಾಮ್ ಆಲ್ಟ್‌ಮನ್ ಇಲ್ಲಿ ಓದುತ್ತಿದ್ದು, 2005ರಲ್ಲಿ ನಡುವೆಯೇ ಬಿಟ್ಟು ಹೊರಟವರು.

ಈ ವಿದ್ಯಾಲಯದ ಸ್ಥಾಪಕ ಲೆಲೆಂಡ್ ಸ್ಟ್ಯಾನ್‌ಫರ್ಡ್ ಸ್ವತಃ ಯಂತ್ರಯುಗದ ಒಡೆಯ. ಅಮೇರಿಕದ ಪೂರ್ವಪಶ್ಚಿಮಗಳನ್ನು ಬೆಸೆದ ರೈಲುಮಾರ್ಗ 1869ರಲ್ಲಿ ಪೂರ್ಣವಾದಾಗ ಚಿನ್ನದ ಮೊಳೆಯನ್ನು ಹೊಡೆದವನು ಆತ. ಸರ್ಕಾರ ಆ ಕಂಪೆನಿಗೆ ಭೂಮಿಯನ್ನೂ ಸಾಲಪತ್ರಗಳನ್ನೂ ಕೊಟ್ಟಿತ್ತು. ಬೆಟ್ಟ ಕೊರೆದು ಹಳಿ ಹಾಸಿದವರು ಸಾವಿರಾರು ಮಂದಿ ಚೀನೀ ಕೂಲಿಗಳು. ಹದಿನೈದು ವರ್ಷದ ಏಕಮಾತ್ರ ಪುತ್ರ 1884ರಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡಾಗ, ಅವನ ಹೆಸರಿನಲ್ಲಿ ದಂಪತಿಗಳು ಕಟ್ಟಿಸಿದ ವಿದ್ಯಾಮಂದಿರವಿದು. ದುಃಖದಿಂದ ಹುಟ್ಟಿದ ದಾನ; ಅದರ ಹಿರಿಮೆಯನ್ನು ನಾವು ಅಲ್ಲಗಳೆಯಲಾರೆವು. ಆದರೆ ಆ ಹಣದ ಇನ್ನೊಂದು ಮುಖವೂ ಉಂಟು. ಕಾಳು ಬೆಳೆದ ರೈತನಿಗೆ ಅದನ್ನು ಸಾಗಿಸಲು ಅನೇಕ ಕಡೆ ಒಂದೇ ರೈಲು. ಕಂಪೆನಿ ನಿಗದಿಪಡಿಸಿದ್ದೇ ಬಾಡಿಗೆ. ಇದೇ ಒಡೆಯರ ಸದರ್ನ್ ಪೆಸಿಫಿಕ್ ಕಂಪೆನಿ ದಶಕಗಳ ಕಾಲ ಕ್ಯಾಲಿಫೋರ್ನಿಯದ ಶಾಸನಸಭೆಯನ್ನೂ ತನ್ನ ಹಿಡಿತದಲ್ಲಿಟ್ಟುಕೊಂಡಿತ್ತು.

ಒಂದು ಓಟು, ಹತ್ತು ಓಟು

ಮುಂದಿನ ನಿಲ್ದಾಣ ಮೆನ್ಲೋ ಪಾರ್ಕ್. ಊರಿನ ಹೊರಗೆ ಕೊಲ್ಲಿಯ ದಡದಲ್ಲಿ ಫೇಸ್‌ಬುಕ್ಕಿನ ಮಾತೃಸಂಸ್ಥೆ ಮೆಟಾದ ಕಚೇರಿಗಳಿವೆ. ಹಿಂದೆ ಇದು ಸನ್ ಮೈಕ್ರೋಸಿಸ್ಟಮ್ಸ್ ಎಂಬ ಪ್ರಖ್ಯಾತ ಕಂಪೆನಿಯ ಆವರಣವಾಗಿತ್ತು. ಹೊಸಬರು ಹಳೆಯ ನಾಮಫಲಕವನ್ನು ತಿರುಗಿಸಿ ಮುಂಭಾಗದಲ್ಲಿ ತಮ್ಮ ಗುರುತು ಹಾಕಿಕೊಂಡರು. ಅಳಿದ ಕಂಪೆನಿಯ ಹೆಸರು ಹಿಂಭಾಗದಲ್ಲಿ ಹಾಗೆಯೇ ಉಳಿಯಿತು. ಇಲ್ಲಿ ಯಾವ ಸಿಂಹಾಸನವೂ ಶಾಶ್ವತವಲ್ಲವೆಂದು ನೌಕರರಿಗೆ ನೆನಪಿಸುವ ಉಪಾಯವಿದು.

ಆದರೆ ತನ್ನ ಸಿಂಹಾಸನವನ್ನು ಭದ್ರಪಡಿಸಿಕೊಳ್ಳುವ ವಿದ್ಯೆಯೂ ಇಲ್ಲಿಯದೇ. ಮಾರ್ಕ್ ಜುಕರ್‌ಬರ್ಗರ ಬಳಿಯಿರುವ ವಿಶೇಷ ವರ್ಗದ ಷೇರಿಗೆ ತಲಾ ಹತ್ತು ಓಟು. ಪೇಟೆಯಲ್ಲಿ ಜನ ಕೊಳ್ಳುವ ಷೇರಿಗೆ ಒಂದೇ ಓಟು. ಹೀಗಾಗಿ ಬಂಡವಾಳದಲ್ಲಿ ಅವರ ಪಾಲು ಅಲ್ಪವಾದರೂ ಓಟಿನಲ್ಲಿ ಅರ್ಧಕ್ಕಿಂತ ಹೆಚ್ಚು. ಗೂಗಲ್ಲಿನ ಸ್ಥಾಪಕರಿಬ್ಬರೂ ಇದೇ ಏರ್ಪಾಡಿನಿಂದ ತಮ್ಮ ಹಿಡಿತವನ್ನು ಉಳಿಸಿಕೊಂಡಿದ್ದಾರೆ. ಷೇರುದಾರರ ಸಭೆ ನಡೆಯುತ್ತದೆ, ಮತದಾನವೂ ಆಗುತ್ತದೆ. ಫಲಿತಾಂಶ ಮಾತ್ರ ಮೊದಲೇ ಗೊತ್ತಿರುತ್ತದೆ.

ಮೆನ್ಲೋ ಪಾರ್ಕಿನ ಇನ್ನೊಂದು ಬದಿಯಲ್ಲಿ ಸ್ಯಾಂಡ್ ಹಿಲ್ ರಸ್ತೆ, ಹೊಸ ಉದ್ಯಮಗಳಿಗೆ ಬಂಡವಾಳ ಹೂಡುವವರ ಬೀದಿ. ಇಲ್ಲಿನ ಹೋಟೆಲೊಂದರಲ್ಲಿ 2015ರ ಬೇಸಗೆಯಲ್ಲಿ ಆಲ್ಟ್‌ಮನ್, ಮಸ್ಕ್ ಮತ್ತು ಕೆಲವು ತಜ್ಞರು ಊಟಕ್ಕೆ ಸೇರಿದರು. ಯಂತ್ರಬುದ್ಧಿ ಒಂದೇ ಕಂಪೆನಿಯ ಕೈಸೇರಬಾರದು, ಅದು ಮನುಕುಲಕ್ಕೆಲ್ಲ ಸಲ್ಲಬೇಕು ಎಂಬುದು ಚರ್ಚೆಯ ತಿರುಳು. ಆ ವರ್ಷದ ಡಿಸೆಂಬರಿನಲ್ಲಿ ಲಾಭೋದ್ದೇಶವಿಲ್ಲದ ಸಂಸ್ಥೆಯಾಗಿ ಓಪನ್ ಎಐ ಜನ್ಮತಳೆಯಿತು. ನೂರು ಕೋಟಿ ಡಾಲರ್ ನೆರವಿನ ವಾಗ್ದಾನವೂ ಆಯಿತು.

ಐದು ದಿನಗಳ ನಾಟಕ

ಗಾಡಿ ಸಾನ್ ಫ್ರಾನ್ಸಿಸ್ಕೋ ತಲುಪಿದ ಮೇಲೆ ನಾವು ಮೊದಲು ಹೋದುದು ಮಿಷನ್ ಬಡಾವಣೆಗೆ. ಹದಿನೆಂಟನೆಯ ಬೀದಿ ಮತ್ತು ಫಾಲ್ಸಮ್ ಬೀದಿ ಕೂಡುವಲ್ಲಿ 'ಪಯನಿಯರ್' ಎಂಬ ಹಳೆಯ ಕಟ್ಟಡ. ಪ್ರಯಾಣದ ಟ್ರಂಕುಗಳನ್ನು ತಯಾರಿಸುವ ಕಾರ್ಖಾನೆಯಾಗಿದ್ದ ಇಲ್ಲಿ ಓಪನ್ ಎಐ ಹಲವು ವರ್ಷ ನೆಲೆಸಿತ್ತು. ವಾಗ್ದಾನದ ಹಣದ ಬಹುಭಾಗ ಬರಲೇ ಇಲ್ಲ. ಮಸ್ಕ್ 2018ರಲ್ಲಿ ಮಂಡಳಿಯಿಂದ ಹೊರನಡೆದರು. ಯಂತ್ರಗಳ ಖರ್ಚು ದಾನದಿಂದ ತುಂಬಲಾರದೆಂದು ಕಂಡು, 2019ರಲ್ಲಿ ಮಿತಲಾಭದ ಕಂಪೆನಿಯೊಂದನ್ನು ಇದರ ಅಡಿಯಲ್ಲಿ ಕಟ್ಟಲಾಯಿತು. ಅದೇ ವರ್ಷ ಮೈಕ್ರೋಸಾಫ್ಟ್ ನೂರು ಕೋಟಿ ಡಾಲರ್ ಹೂಡಿತು. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಹೊರಬಿದ್ದು ಜಗತ್ತೇ ಈ ಕಡೆ ತಿರುಗಿತು.

2023ರ ನವೆಂಬರ್ 17, ಶುಕ್ರವಾರ. ಆಲ್ಟ್‌ಮನ್ ತಮ್ಮೊಡನೆ ಸದಾ ಮುಚ್ಚುಮರೆಯಿಲ್ಲದೆ ವರ್ತಿಸಲಿಲ್ಲವೆಂದು ಹೇಳಿ ನಿರ್ದೇಶಕ ಮಂಡಳಿ ಅವರನ್ನು ಪದಚ್ಯುತಗೊಳಿಸಿತು. ಆರು ಮಂದಿಯ ಮಂಡಳಿಯಲ್ಲಿ ನಾಲ್ವರ ನಿರ್ಧಾರವಿದು. ನಿಯಮದ ಪ್ರಕಾರ ಅವರಿಗೆ ಆ ಅಧಿಕಾರ ಪೂರ್ಣವಾಗಿ ಇತ್ತು. ಆಲ್ಟ್‌ಮನ್‌ರ ಬಳಿ ಸಂಸ್ಥೆಯ ಒಂದು ಷೇರೂ ಇರಲಿಲ್ಲ. ಸೋಮವಾರದ ಹೊತ್ತಿಗೆ, ಆಲ್ಟ್‌ಮನ್‌ರನ್ನೂ ಅವರ ಹಿಂದೆ ಬರುವ ನೌಕರರನ್ನೂ ತಾವು ಸೇರಿಸಿಕೊಳ್ಳುವುದಾಗಿ ಮೈಕ್ರೋಸಾಫ್ಟ್ ಸಾರಿತು. ಸುಮಾರು 770 ನೌಕರರಲ್ಲಿ 700ಕ್ಕೂ ಹೆಚ್ಚು ಮಂದಿ, ಅವರು ಹಿಂದಿರುಗದಿದ್ದರೆ ತಾವೂ ಹೊರಡುವುದಾಗಿ ಪತ್ರಕ್ಕೆ ರುಜು ಹಾಕಿದರು. ಪದಚ್ಯುತಿಗೆ ಓಟು ಕೊಟ್ಟಿದ್ದ ಇಲ್ಯಾ ಸುಟ್‌ಸ್ಕೆವರ್ ರುಜುವೂ ಅದರಲ್ಲಿತ್ತು. ಐದೇ ದಿನಗಳಲ್ಲಿ ಆಲ್ಟ್‌ಮನ್ ಮರಳಿ ಬಂದರು. ಹೊರಗೆ ಹೋದದ್ದು ಮಂಡಳಿಯ ಬಹುಮತ. ಅವರ ನಡತೆ ಪದಚ್ಯುತಿಯನ್ನು ಅನಿವಾರ್ಯಗೊಳಿಸುವಂಥದಾಗಿರಲಿಲ್ಲವೆಂದು ಮುಂದೆ ಸಂಸ್ಥೆ ನೇಮಿಸಿದ ವಕೀಲರ ತನಿಖೆ ಹೇಳಿತು.

ಯಾರದು ಸರಿ, ಯಾರದು ತಪ್ಪು ಎಂಬ ತೀರ್ಪು ನಮ್ಮ ಕೆಲಸವಲ್ಲ. ನಾವು ಗಮನಿಸಿದ್ದು ಬಲದ ಮೂಲವನ್ನು. ಕಾಗದ ಮಂಡಳಿಯ ಕಡೆಗಿತ್ತು. ಯಂತ್ರ, ಹಣ, ಜನ ಈ ಮೂರೂ ಆಲ್ಟ್‌ಮನ್‌ರ ಕಡೆಗಿದ್ದವು. ಹೊಸ ಉದ್ಯಮಿಗಳಿಗೆ ಆಸರೆಯಾದ ವೈ ಕಾಂಬಿನೇಟರ್ ಸಂಸ್ಥೆಯ ಅಧ್ಯಕ್ಷರಾಗಿದ್ದ ವರ್ಷಗಳಲ್ಲಿ ಅವರು ಗಳಿಸಿದ್ದ ಸ್ನೇಹ ಒಂದು ಕಡೆ. ಇನ್ನೊಂದು ಕಡೆ ನೌಕರರ ಸ್ವಂತ ಹಿತ: ಸಂಸ್ಥೆಗೆ 8,600 ಕೋಟಿ ಡಾಲರ್ ಬೆಲೆ ಕಟ್ಟಿ, ನೌಕರರ ಪಾಲನ್ನು ಕೊಳ್ಳುವ ವ್ಯವಹಾರ ಆಗ ನಡೆದಿತ್ತು, ಸಂಸ್ಥೆ ಒಡೆದರೆ ಅದೂ ಒಡೆಯುತ್ತಿತ್ತು. ಇವೆಲ್ಲಕ್ಕೂ ಆಧಾರವಾಗಿದ್ದುದು ಮೈಕ್ರೋಸಾಫ್ಟಿನ ಗಣಕಕೇಂದ್ರಗಳು. ಅದರ ಮುಖ್ಯಸ್ಥ ಸತ್ಯ ನಾಡೆಲ್ಲರು ಹೈದರಾಬಾದಿನಲ್ಲಿ ಹುಟ್ಟಿ ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವರು. ಮನೆತನದ ಮೂಲ ಅನಂತಪುರ ಜಿಲ್ಲೆ. ರಾಯದುರ್ಗದ ವಾಚಕರು ಹೆಮ್ಮೆಪಟ್ಟರೆ ತಪ್ಪಿಲ್ಲ. ಮಂಡಳಿಯಲ್ಲಿ ಅವರಿಗೆ ಒಂದು ಸ್ಥಾನವೂ ಇರಲಿಲ್ಲ. ಆದರೂ ಅವರ ಒಂದು ಮಾತು ಮಂಡಳಿಯ ನಾಲ್ಕು ಓಟುಗಳಿಗಿಂತ ಭಾರವಾಯಿತು.

ಹಳೆಯ ರೈಲಂಗಳದ ಮೇಲೆ

ಓಪನ್ ಎಐ ಈಚೆಗೆ ಮಿಷನ್ ಬೇ ಎಂಬಲ್ಲಿ ದೊಡ್ಡ ಕಟ್ಟಡಗಳನ್ನು ಹಿಡಿದಿದೆ. ರೈಲು ನಿಲ್ದಾಣದಿಂದ ಕಾಲುನಡಿಗೆಯ ದೂರ. ಈ ಬಡಾವಣೆ ಎದ್ದಿರುವುದು ಸದರ್ನ್ ಪೆಸಿಫಿಕ್ ಕಂಪೆನಿಯ ಹಳೆಯ ರೈಲಂಗಳದ ನೆಲದ ಮೇಲೆ ಎಂದು ತಿಳಿದಾಗ ನಾವು ಕ್ಷಣಕಾಲ ಸುಮ್ಮನಾದೆವು. ಒಡೆಯರು ಬದಲಾದರು, ರೀತಿ ಅಷ್ಟಾಗಿ ಬದಲಾಗಲಿಲ್ಲ. ಅಂದು ಸರ್ಕಾರದ ನೆರವಿನಿಂದ ಹಳಿ ಹಾಸಿದರು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಶ್ವೇತಭವನದಲ್ಲಿ ಆಲ್ಟ್‌ಮನ್, ಎಲಿಸನ್ ಮತ್ತು ಜಪಾನಿನ ಮಾಸಾಯೋಶಿ ಸೋನ್ ಇವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಈ ಕಂಪೆನಿಗಳು 50,000 ಕೋಟಿ ಡಾಲರಿನವರೆಗೆ ಹೂಡಿ ಗಣಕಕೇಂದ್ರಗಳನ್ನು ಕಟ್ಟಲಿವೆ ಎಂದು ಘೋಷಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಓಪನ್ ಎಐ ತನ್ನ ರಚನೆಯನ್ನು ಬದಲಿಸಿಕೊಂಡಿತು. ಮೂಲ ದತ್ತಿಸಂಸ್ಥೆಗೆ ಮಂಡಳಿಯನ್ನು ನೇಮಿಸುವ ಹಕ್ಕು ಉಳಿಯಿತು. ಆದರೆ ಷೇರಿನಲ್ಲಿ ಅದರ ಪಾಲು ಸುಮಾರು 26 ಶೇಕಡ, ಮೈಕ್ರೋಸಾಫ್ಟಿನದು ಸುಮಾರು 27.

ಆದರೂ ಈ ನೆಲ ಇನ್ನೊಂದು ಪಾಠವನ್ನೂ ಕಲಿಸುತ್ತದೆ. ರೈಲು ಕಂಪೆನಿಯನ್ನು ರಾಜಕಾರಣದಿಂದ ಹೊರದೂಡುವೆನೆಂದು ಊರೂರು ಸುತ್ತಿದ ಹೈರಮ್ ಜಾನ್ಸನ್ 1910ರಲ್ಲಿ ಇಲ್ಲಿನ ರಾಜ್ಯಪಾಲನಾಗಿ ಆಯ್ಕೆಯಾದನು. ಮರುವರ್ಷ ರೈಲು ಬಾಡಿಗೆಯ ಮೇಲೆ ನಿಜವಾದ ಅಂಕುಶವಿರುವ ಆಯೋಗ ಬಂದಿತು. ತಪ್ಪಿದ ಪ್ರತಿನಿಧಿಯನ್ನು ಹಿಂದಕ್ಕೆ ಕರೆಸುವ ಹಕ್ಕೂ ಜನರಿಗೆ ಬಂದಿತು. ಯಂತ್ರಬುದ್ಧಿಯ ವಿಷಯದಲ್ಲಿಯೂ ಇದೇ ರಾಜ್ಯ ಹೆಜ್ಜೆಯಿಟ್ಟಿದೆ. 2024ರಲ್ಲಿ ಕಠಿಣವಾದೊಂದು ಮಸೂದೆಯನ್ನು ಕಂಪೆನಿಗಳ ವಿರೋಧದ ನಡುವೆ ರಾಜ್ಯಪಾಲರು ತಿರಸ್ಕರಿಸಿದರು. 2025ರಲ್ಲಿ, ಅಪಾಯಗಳ ಬಗೆಗೆ ದೊಡ್ಡ ಕಂಪೆನಿಗಳು ತಮ್ಮ ಕ್ರಮಗಳನ್ನು ಬಹಿರಂಗಪಡಿಸಬೇಕೆಂಬ ಮೃದುವಾದ ಕಾನೂನಿಗೆ ಅವರೇ ಸಹಿ ಹಾಕಿದರು.

ನಮ್ಮ ಮನೆಯಂಗಳಕ್ಕೆ

ಇಷ್ಟು ದೂರದ ವ್ಯವಹಾರ ನಮಗೇಕೆ ಎಂದು ವಾಚಕರು ಕೇಳಬಹುದು. ಈ ಯಂತ್ರಗಳು ಬರಹವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆದು ಓದುತ್ತವೆ. ಯಂತ್ರವನ್ನು ಬಾಡಿಗೆಗೆ ಪಡೆವ ಉದ್ಯಮಗಳಿಗೆ ಲೆಕ್ಕ ಬೀಳುವುದು ತುಣುಕಿಗೆ ಇಷ್ಟು ಎಂದು. ಇಂಗ್ಲಿಷಿನ ಒಂದು ಮಾತಿಗೆ ಒಂದೆರಡು ತುಣುಕು ಸಾಕಾದರೆ, ನಮ್ಮ ಲಿಪಿಗಳ ಮಾತು ಬಹಳ ಚೂರಾಗುತ್ತದೆ. ಅದೂ ಒಂದು ಬಗೆಯ ಸಾಗಾಣಿಕೆ ಬಾಡಿಗೆಯೇ. 2024ರ ಮೇ ತಿಂಗಳಲ್ಲಿ ಓಪನ್ ಎಐ ಹೊಸ ಮಾದರಿಯನ್ನು ಹೊರತಂದಾಗ, ಈ ಹೊರೆ ಎಷ್ಟು ಇಳಿದಿದೆಯೆಂದು ಇಪ್ಪತ್ತು ಭಾಷೆಗಳ ಪಟ್ಟಿಯನ್ನು ಕೊಟ್ಟಿತು. ತೆಲುಗಿಗೆ ಮೂರೂವರೆ ಪಟ್ಟು ಕಡಿಮೆ, ತಮಿಳಿಗೆ 3.3, ಮರಾಠಿಗೆ 2.9. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ, ಮಲಯಾಳವೂ ಇರಲಿಲ್ಲ. ಪಟ್ಟಿ ಮಾದರಿಗೆಂದು ಕೊಟ್ಟದ್ದು. ಯಂತ್ರಕ್ಕೆ ಕನ್ನಡ ಬಾರದೆಂದು ಅದರ ಅರ್ಥವಲ್ಲ. ಆದರೂ ಅದನ್ನು ಓದಿದ ನಮಗೆ ಪರಿಚಿತವಾದ ಒಂದು ನೋವು ಮರುಕಳಿಸಿತು. ನಾವು ಯಾರ ನಡುವೆ ಬಾಳುತ್ತಿದ್ದೇವೆಯೋ ಆ ನೆರೆಯ ಭಾಷೆಗಳ ಹೆಸರು ಅಲ್ಲಿತ್ತು, ನಮ್ಮದು ಇರಲಿಲ್ಲ. ಗಡಿಯ ಗೆರೆ ಎಳೆಯುವಾಗ, ಶಾಲೆಯ ಮಾಧ್ಯಮ ಗೊತ್ತುಮಾಡುವಾಗ ಎಲ್ಲೋ ಕುಳಿತವರು ನಮ್ಮನ್ನು ಕೇಳದೆ ಪಟ್ಟಿ ಬರೆದ ಅನುಭವ ನಮಗೆ ಹೊಸದಲ್ಲ.

ಆ ಒಡೆಯರು ದುಷ್ಟರೆಂದು ನಾವು ಹೇಳುವುದಿಲ್ಲ. ಪ್ರತಿಭೆ, ಸಾಹಸ, ದುಡಿಮೆ ಎಲ್ಲವೂ ಅವರಲ್ಲಿವೆ. ಕೇಳುವವರಿಲ್ಲದ ಅಧಿಕಾರ ಸಜ್ಜನರ ಕೈಯಲ್ಲಿದ್ದರೂ ದೂರದವರನ್ನು ಮರೆಯುತ್ತದೆ ಎಂಬುದಷ್ಟೇ ನಮ್ಮ ಮಾತು. ಚಿನ್ನದ ಮೊಳೆ ಹೊಡೆದ 1869ರಿಂದ ಬಾಡಿಗೆಗೆ ಅಂಕುಶ ಬಿದ್ದ 1911ರವರೆಗೆ ಕ್ಯಾಲಿಫೋರ್ನಿಯದ ರೈತರು 42 ವರ್ಷ ಕಾದರು. ಅಷ್ಟು ಕಾಲದಲ್ಲಿ ಒಂದು ತಲೆಮಾರಿನ ಮಕ್ಕಳು ತಮ್ಮ ಪ್ರಶ್ನೆಗಳನ್ನು ಯಾವ ಭಾಷೆಯಲ್ಲಿ ಕೇಳಬೇಕೆಂಬುದನ್ನು ಗೊತ್ತುಮಾಡಿಕೊಂಡುಬಿಡುತ್ತಾರೆ. ನಮ್ಮ ಸೀಮೆಯ ಹಾಡು, ಗಾದೆ, ಕಡತ, ಪಠ್ಯಗಳನ್ನು ನಾವೇ ಬರೆದಿಟ್ಟು ಬೆಳಕಿಗೆ ತರುವುದು, ನಮ್ಮ ಪ್ರತಿನಿಧಿಗಳನ್ನು ಈ ಕುರಿತು ಕೇಳುವುದು, ಇವೆರಡಕ್ಕೂ ಯಾವ ಕಣಿವೆಯ ಅಪ್ಪಣೆಯೂ ಬೇಕಿಲ್ಲ.